ಪದಚರ್ಚೆ: ‘ಕ್ರಾನಿಕ್ ಇನ್‌ಫ್ಲಮೇಶನ್’ ಎಂಬುದಕ್ಕೆ ಕನ್ನಡದಲ್ಲಿ ಏನೆಂದು ಬರೆಯಬೇಕು?

ಪ್ರಶ್ನೆ

ಬಳಗದ ಹಿರಿಯರಿಗೂ ಮಿತ್ರರಿಗೂ ನಮಸ್ಕಾರ.

ಕೀಲುರೋಗಗಳ ಚಿಕಿತ್ಸೆಗೆ ಬರುವವರಿಗಾಗಿ ಆಸ್ಪತ್ರೆಯೊಂದು ಹೊರತರುತ್ತಿರುವ ಕಿರುಹೊತ್ತಗೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಸೋಮವಾರ ಬೆಳಗ್ಗೆ ಅದು ಅಚ್ಚಿಗೆ ಹೋಗಬೇಕು. ವಿಭಾಗದ ಬಾಗಿಲಿಗೆ ಹಾಕುವ ಫಲಕವನ್ನೂ ಅದರ ಜೊತೆಯಲ್ಲೇ ಬರೆಸಬೇಕಾಗಿದೆ. ‘ಕ್ರಾನಿಕ್ ಇನ್‌ಫ್ಲಮೇಶನ್’ ಎಂಬುದಕ್ಕೆ ಸದ್ಯಕ್ಕೆ ‘ದೀರ್ಘಕಾಲಿಕ ಉರಿಯೂತ’ ಎಂದು ಹಾಕಿಕೊಂಡಿದ್ದೇನೆ. ಆದರೆ ಮೂಲದ ಮೊದಲ ಪುಟದಲ್ಲಿಯೇ, ಈ ಬಗೆಯ ಉರಿಯೂತದಲ್ಲಿ ಅನೇಕ ವೇಳೆ ಉರಿಯಾಗಲಿ ಊತವಾಗಲಿ ಹೊರಗೆ ಕಾಣುವುದಿಲ್ಲ ಎಂಬ ವಾಕ್ಯವಿದೆ. ಹೆಸರೇ ಒಂದು ಹೇಳಿ ವಿವರಣೆ ಇನ್ನೊಂದು ಹೇಳಿದರೆ ಓದುವ ರೋಗಿ ಯಾವುದನ್ನು ನಂಬಬೇಕು?

‘ಅಕ್ಯೂಟ್’ (ಇದ್ದಕ್ಕಿದ್ದಂತೆ ಶುರುವಾಗುವ) ಎಂಬುದಕ್ಕೆ ‘ತೀವ್ರ’ ಎಂದು ಬರೆದೆ. ಎರಡು ಪುಟ ದಾಟಿದ ಮೇಲೆ ‘ಸಿವಿಯರ್’ (ಬಲವಾದ) ಬಂದಿತು, ಅದಕ್ಕೂ ‘ತೀವ್ರ’ ಎಂಬುದೇ ರೂಢಿ. ‘ಜೆನೆಟಿಕ್’ ಎಂಬುದಕ್ಕೆ ‘ಆನುವಂಶಿಕ’ ಎಂದು ಬರೆದದ್ದನ್ನು ಅಲ್ಲಿನ ವೈದ್ಯರು ಹೊಡೆದುಹಾಕಿ, ಎಲ್ಲವೂ ವಂಶದಿಂದ ಬಂದದ್ದಲ್ಲ ಎಂದು ಅಂಚಿನಲ್ಲಿ ಬರೆದಿದ್ದಾರೆ. ‘ಆಟೊಇಮ್ಯೂನ್’ ಮತ್ತು ‘ಆಟೊಇನ್‌ಫ್ಲಮೇಟರಿ’ ಎಂಬೆರಡನ್ನು ಬೇರ್ಪಡಿಸುವ ಪದಗಳೂ ಬೇಕು. ಹಳ್ಳಿಯಿಂದ ಬಂದವರು, ಶಾಲೆಯ ಕನ್ನಡವನ್ನಷ್ಟೇ ಬಲ್ಲವರು ಓದುವ ಹೊತ್ತಗೆ ಇದು ಎಂಬುದನ್ನು ದಯವಿಟ್ಟು ಗಮನದಲ್ಲಿಟ್ಟು ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ 1

‘ಉರಿಯೂತ’ ನೆಲೆಗೊಂಡ ಪದ. ಪತ್ರಿಕೆಗಳ ಆರೋಗ್ಯ ಅಂಕಣಗಳಲ್ಲಿ, ಪಠ್ಯಗಳಲ್ಲಿ, ಔಷಧದ ಅಂಗಡಿಯವರ ಬಾಯಲ್ಲಿ ಅದು ಇದೆ. ‘ದೀರ್ಘಕಾಲಿಕ ಉರಿಯೂತ’ ಎಂದೇ ಅಚ್ಚು ಮಾಡಿಸಿರಿ. ನೆಲೆಗೊಂಡ ಪದವನ್ನು ಅಲುಗಾಡಿಸುವುದರಿಂದ ಭಾಷೆಗೆ ಆಗುವ ಲಾಭವೇನೂ ಇಲ್ಲ. ಪದದ ಅವಯವಾರ್ಥವನ್ನು ಹಿಡಿದುಕೊಂಡು ಜಗ್ಗುವುದಾದರೆ ನಿಘಂಟಿನ ಅರ್ಧ ಭಾಗವನ್ನು ಸುಡಬೇಕಾದೀತು.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪಲಾರೆ. ಉರಿಯುವುದಕ್ಕೆ ಸಂಸ್ಕೃತದಲ್ಲಿ ‘ದಾಹ’ ಎಂದೂ ಊದಿಕೊಳ್ಳುವುದಕ್ಕೆ ‘ಶೋಥ’ ಎಂದೂ ಬೇರೆ ಬೇರೆ ಪದಗಳಿವೆ. ಎರಡನ್ನೂ ಒಂದೇ ಹೊರೆಯಾಗಿ ಕಟ್ಟಿದವರು ನಾವು. ಸುಶ್ರುತ ಸಂಹಿತೆಯ ಸೂತ್ರಸ್ಥಾನವು ವ್ರಣಶೋಥಕ್ಕೆ, ಎಂದರೆ ಹುಣ್ಣಿನ ಊತಕ್ಕೆ, ಆಮ (ಹಸಿ), ಪಚ್ಯಮಾನ (ಮಾಗುತ್ತಿರುವ), ಪಕ್ವ (ಮಾಗಿದ) ಎಂಬ ಮೂರು ಅವಸ್ಥೆಗಳನ್ನು ಹೇಳಿ, ಯಾವ ಅವಸ್ಥೆಯಲ್ಲಿ ಶಸ್ತ್ರವನ್ನು ಇಡಬೇಕು, ಯಾವಾಗ ಇಡಬಾರದು ಎಂಬುದನ್ನು ನಿರ್ಣಯಿಸುತ್ತದೆ. ಇಷ್ಟು ಸೂಕ್ಷ್ಮವಾದ ಪರಿಭಾಷೆ ಕೈಯಲ್ಲಿರುವಾಗ ಹೊಸದನ್ನು ಹುಡುಕುವುದೇಕೆ? ಹಳೆಯದಾದ ರೋಗಕ್ಕೆ ‘ಜೀರ್ಣ’ ಎಂಬ ವಿಶೇಷಣವೂ ಇದೆ. ‘ಜೀರ್ಣಜ್ವರ’ ಎಂಬುದನ್ನು ಕೇಳದ ಹಿರಿಯರು ವಿರಳ. ‘ಜೀರ್ಣಶೋಥ’ ಎಂದರೆ ಚಿಕ್ಕದಾಗಿಯೂ ಇರುತ್ತದೆ, ಹಿಂದಿ, ಮರಾಠಿ ಬಲ್ಲವರಿಗೂ ತಿಳಿಯುತ್ತದೆ.

ಉತ್ತರ 3

‘ಜೀರ್ಣ’ ಎಂದರೆ ಇಂದಿನ ಓದುಗನಿಗೆ ಹೊಟ್ಟೆಯಲ್ಲಿ ಅರಗಿದ್ದು, ಇಲ್ಲವೇ ಕುಸಿದು ಬೀಳುವಂತಿರುವ ಗುಡಿ. ‘ಶೋಥ’ ಎಂಬುದನ್ನು ಓದಲು ಬಾರದೆ ‘ಶೋಧ’ ಎಂದು ಓದಿಕೊಳ್ಳುವವರೇ ಹೆಚ್ಚು. ಇಂತಹ ಪದಗಳನ್ನು ರೋಗಿಯ ಕೈಗೆ ಕೊಡುವುದು ಸರಿಯಲ್ಲ.

ನನ್ನ ಎಣಿಕೆ ಬೇರೆ. ತಮಿಳರು ಇದಕ್ಕೆ ‘ಅೞರ್ಚಿ’ ಎನ್ನುತ್ತಾರೆ. ‘ಅೞಲ್’ ಎಂದರೆ ಬೆಂಕಿ, ಕಾವು. ಹಳಗನ್ನಡದ ‘ಅೞಲ್’ ಅದೇ ಬೇರಿನದು. ಇಂದು ನಮ್ಮಲ್ಲಿ ಅದು ‘ಅಳಲು’ ಆಗಿ ಮನಸ್ಸಿನ ಬೇಗೆಯನ್ನು ಮಾತ್ರ ಹೇಳುತ್ತಿದೆ. ಆದ್ದರಿಂದ ಅದನ್ನು ಮೈಯ ಬೇಗೆಗೆ ಮರಳಿ ತರುವುದು ಕಷ್ಟವಾದೀತು. ಆದರೆ ‘ಕನಲ್’ ಎಂಬ ಇನ್ನೊಂದು ಬೇರು ನಮ್ಮಲ್ಲಿ ಉಳಿದಿದೆ. ತಮಿಳಿನಲ್ಲಿಯೂ ‘ಕನಲ್’ ಎಂದರೆ ನಿಗಿನಿಗಿ ಉರಿಯುವುದೇ. ಜ್ವಾಲೆ ಕಾಣದ, ಒಳಗೇ ಕಾಯುತ್ತಿರುವ ಬೆಂಕಿಗೆ ಇದಕ್ಕಿಂತ ಒಪ್ಪುವ ಮಾತು ಸಿಗದು. ‘ಕನಲಿಕೆ’ ಎಂದು ಮಾಡಿದರೆ ಅದರಲ್ಲಿ ಊತದ ಮಾತೇ ಬರುವುದಿಲ್ಲ, ಕೇಳಿದವರ ತೊಡಕು ಬಗೆಹರಿಯುತ್ತದೆ. ‘ಕೀಲುಕನಲಿಕೆ’, ‘ಕರುಳುಕನಲಿಕೆ’ ಎಂದು ಬೇಕಾದಷ್ಟು ಪದಗಳನ್ನು ಕಟ್ಟಿಕೊಳ್ಳಲೂ ಬರುತ್ತದೆ.

‘ದೀರ್ಘಕಾಲಿಕ’ ಎಂಬುದಕ್ಕೆ ‘ನೆಲೆಸಿದ’ ಎನ್ನಬಹುದು. ‘ಜೀನ್’ ಎಂಬುದಕ್ಕೆ ‘ಪೀಳಿಗೆ’ ಎಂಬ ಪದದ ಬೇರಿನಿಂದ ಕೆಲವರು ‘ಪೀಳಿ’ ಎಂದು ಬಳಸುತ್ತಿದ್ದಾರೆ, ಚಿಕ್ಕದು, ನಮ್ಮದು. ಪ್ರತಿಯೊಂದು ಹೊಸ ಅರಿಮೆಗೂ ಎರವಲು ಪದವೇ ಬೇಕೆಂಬ ಅಭ್ಯಾಸವನ್ನು ಬಿಡದಿದ್ದರೆ ಕನ್ನಡಕ್ಕೆ ಸ್ವಂತದ ವಿಜ್ಞಾನದ ಮಾತು ಎಂದಿಗೂ ಹುಟ್ಟುವುದಿಲ್ಲ.

ಉತ್ತರ 4

ರೋಗಿಗಳ ಮೈಯಿಂದ ತೆಗೆದ ಅಂಗಾಂಶದ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವರದಿ ಬರೆಯುವುದು ನನ್ನ ವೃತ್ತಿ. ‘ಕ್ರಾನಿಕ್ ಇನ್‌ಫ್ಲಮೇಶನ್’ ಎಂಬ ಮಾತನ್ನು ದಿನವೂ ಬರೆಯುವವನಾದ್ದರಿಂದ, ಆ ಮಾತು ಯಾವ ವಸ್ತುವಿನ ಹೆಸರು ಎಂಬುದನ್ನು ಮೊದಲು ಹೇಳಿ, ಪದದ ವಿಚಾರಕ್ಕೆ ಆಮೇಲೆ ಬರುತ್ತೇನೆ. ಉತ್ತರ ಉದ್ದವಾಗಿದೆ, ವಿಷಯವೇ ಹಾಗಿದೆ.

ಉರಿಯೂ ಊತವೂ ಇಲ್ಲದ ಕಡೆ ಉರಿಯೂತವೆನ್ನಬೇಕಾದ ಕಷ್ಟ ಕನ್ನಡದ್ದು ಮಾತ್ರವಲ್ಲ. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ರೋಮಿನ ಸೆಲ್ಸಸ್ ನಾಲ್ಕು ಲಕ್ಷಣಗಳನ್ನು ಹೇಳಿದನು: ಕೆಂಪು, ಊತ, ಬಿಸಿ, ನೋವು. ಅಂಗವು ತನ್ನ ಕೆಲಸವನ್ನು ಮಾಡಲಾರದೆ ಹೋಗುವುದು ಎಂಬ ಐದನೆಯ ಲಕ್ಷಣವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ವಿರ್ಕೊ ಸೇರಿಸಿದನು. ‘ಇನ್‌ಫ್ಲಮೇಶನ್’ ಎಂಬುದರ ಮೂಲವಾದ ಲ್ಯಾಟಿನ್ ಪದದ ಒಳಗಿರುವುದೂ ಬೆಂಕಿ ಹಚ್ಚುವುದೇ. ಕಣ್ಣಿಗೆ ಕಾಣುವ ಗಾಯಕ್ಕೆ ಇಟ್ಟ ಹೆಸರನ್ನು ಕಣ್ಣಿಗೆ ಕಾಣದ ವ್ಯಾಪಾರಕ್ಕೆ ಹಿಗ್ಗಿಸಿದವರು ಯುರೋಪಿನವರು. ಹೃದಯದ ರಕ್ತನಾಳದ ಗೋಡೆಯಲ್ಲಿಯೋ, ಹೊಟ್ಟೆಯ ಕೊಬ್ಬಿನಲ್ಲಿಯೋ ವರ್ಷಗಟ್ಟಲೆ ನಡೆಯುವುದನ್ನು ಅವರೂ ಬೆಂಕಿಯ ಹೆಸರಿನಿಂದಲೇ ಕರೆಯುತ್ತಿದ್ದಾರೆ. ಸೆಲ್ಸಸನ ನಾಲ್ಕು ಲಕ್ಷಣಗಳಲ್ಲಿ ಎರಡನ್ನು ‘ಉರಿಯೂತ’ ಎಂಬ ಒಂದೇ ಪದ ಹಿಡಿದಿಟ್ಟಿದೆ, ಎರಡು ಭಾಗಗಳೂ ಅಚ್ಚಗನ್ನಡದವು. ಆದ್ದರಿಂದ ‘ಉರಿಯೂತ’ ಉಳಿಯಲಿ ಎಂಬ ಮೊದಲನೆಯ ಉತ್ತರಕ್ಕೆ ನನ್ನ ಒಪ್ಪಿಗೆಯಿದೆ.

ಆದರೆ ‘ದೀರ್ಘಕಾಲಿಕ’ ಎಂಬುದನ್ನು ಒಪ್ಪಲಾರೆ, ಏಕೆಂದರೆ ಅದು ಗಡಿಯಾರವನ್ನು ನೋಡಿ ಹೇಳುವ ಮಾತು. ತುಣುಕು ನನ್ನ ಮುಂದೆ ಬಂದಾಗ ರೋಗಿಗೆ ಎಷ್ಟು ದಿನದಿಂದ ತೊಂದರೆಯಿದೆ ಎಂಬುದು ಅನೇಕ ವೇಳೆ ಗೊತ್ತಿರುವುದಿಲ್ಲ. ಅಲ್ಲಿ ಯಾವ ಜೀವಕೋಶಗಳು ನೆರೆದಿವೆ ಎಂಬುದನ್ನು ನೋಡಿ ನಿರ್ಧರಿಸುತ್ತೇನೆ. ಮುಳ್ಳು ಚುಚ್ಚಿದ ಕೂಡಲೇ ನಾಳಗಳು ಹಿಗ್ಗಿ, ರಕ್ತದಿಂದ ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳು ಹೊರನುಗ್ಗುತ್ತವೆ. ಹೋರಾಡಿ ಸತ್ತ ಅವುಗಳ ರಾಶಿಯೇ ಕೀವು. ಇದು ‘ಅಕ್ಯೂಟ್’. ಇನ್ನೊಂದು ಬಗೆಯಲ್ಲಿ ಮ್ಯಾಕ್ರೊಫೇಜ್, ಲಿಂಫೊಸೈಟ್, ಪ್ಲಾಸ್ಮಾಕೋಶ ಎಂಬ ನಿಧಾನ ನಡೆಯ ಕಣಗಳು ತುಂಬಿರುತ್ತವೆ, ಮತ್ತು ಒಂದೇ ನೋಟದಲ್ಲಿ ಮೂರು ಕೆಲಸಗಳು ಒಟ್ಟಿಗೆ ನಡೆಯುತ್ತಿರುವುದು ಕಾಣುತ್ತದೆ: ಅಂಗಾಂಶ ನಾಶವಾಗುತ್ತಿರುತ್ತದೆ, ಅದರ ಪಕ್ಕದಲ್ಲೇ ದುರಸ್ತಿ ಸಾಗಿರುತ್ತದೆ, ದುರಸ್ತಿಯ ನಾರುಗಳು ಹೆಚ್ಚಿ ಅಂಗವನ್ನು ಬಿಗಿಗೊಳಿಸುತ್ತಿರುತ್ತವೆ. ವೈರಸ್ಸಿನ ಸೋಂಕಿನಲ್ಲಿ ಮೊದಲ ದಿನಗಳಲ್ಲಿಯೇ ಲಿಂಫೊಸೈಟ್‌ಗಳು ಕಾಣುವುದುಂಟು. ಮೂಳೆಯ ಹಳೆಯ ಸೋಂಕಿನಲ್ಲಿ ತಿಂಗಳುಗಳಾದ ಮೇಲೂ ನ್ಯೂಟ್ರೊಫಿಲ್‌ಗಳು ಇರುವುದುಂಟು. ಕಾಲ ಒಂದು ಗುರುತು ಮಾತ್ರ, ತಿರುಳು ಬೇರೆ.

ತಿರುಳೇನೆಂದರೆ, ಶಮನವಾಗಬೇಕಾದದ್ದು ಶಮನವಾಗದಿರುವುದು. ಉರಿಯೂತವು ಶತ್ರು ನಾಶವಾದೊಡನೆ ತಾನಾಗಿ ತಣ್ಣಗಾಗುತ್ತದೆಂದು ಬಹುಕಾಲ ನಂಬಲಾಗಿತ್ತು. ಆದರೆ ಅದನ್ನು ಆರಿಸುವ ವಸ್ತುಗಳನ್ನು ದೇಹವೇ ಮಾಡಿಕೊಳ್ಳುತ್ತದೆ. 1984ರಲ್ಲಿ ಚಾರ್ಲ್ಸ್ ಸೆರ್ಹಾನ್ ಮತ್ತು ಸಂಗಡಿಗರು ಅಂತಹ ಲಿಪಾಕ್ಸಿನ್‌ಗಳನ್ನು ಗುರುತಿಸಿದರು. ಅನಂತರ ಮೀನೆಣ್ಣೆಯ ಕೊಬ್ಬಿನಾಮ್ಲಗಳಿಂದ ದೇಹ ಮಾಡಿಕೊಳ್ಳುವ ರಿಸಾಲ್ವಿನ್‌ಗಳು ತಿಳಿದುಬಂದವು. ಇವು ನ್ಯೂಟ್ರೊಫಿಲ್‌ಗಳ ಬರವನ್ನು ತಡೆಯುತ್ತವೆ, ಸತ್ತವುಗಳನ್ನು ನುಂಗಿ ಜಾಗವನ್ನು ಚೊಕ್ಕಟಗೊಳಿಸಲು ಮ್ಯಾಕ್ರೊಫೇಜ್‌ಗಳನ್ನು ಕರೆಯುತ್ತವೆ. ಸೌದೆ ಒಲೆಯಲ್ಲಿ ಅಡುಗೆ ಮುಗಿದ ಮೇಲೆ ಕೊಳ್ಳಿಯನ್ನು ಹೊರಗೆಳೆದು ನೀರು ಚಿಮುಕಿಸುವವರು ಬೇಕಾಗುವಂತೆ, ಇಲ್ಲಿಯೂ ಆರಿಸುವುದು ಒಂದು ಕೆಲಸವೇ ಆಗಿದೆ. ಆ ಕೆಲಸ ಕೆಟ್ಟಾಗ, ಇಲ್ಲವೇ ಉರುವಲು ತೀರದೆ ಇರುವಾಗ, ಉರಿಯೂತ ಉಳಿದುಬಿಡುತ್ತದೆ.

ಉರುವಲು ತೀರದಿರುವುದಕ್ಕೆ ನಮ್ಮ ನಾಡಿನದೇ ಒಂದು ಉದಾಹರಣೆಯಿದೆ. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಅಲ್ಲಿ ಬಂಡೆ ಕೊರೆದು ದುಡಿದವರ ಶ್ವಾಸಕೋಶಗಳಲ್ಲಿ ಕುಳಿತ ಸಿಲಿಕಾ ದೂಳು ಗಣಿಯ ಜೊತೆಗೆ ಹೋಗಲಿಲ್ಲ. ಆ ಸಿಲಿಕಾ ಕಣವನ್ನು ಮ್ಯಾಕ್ರೊಫೇಜ್ ಒಂದು ಕ್ರಿಮಿಯೆಂದೇ ಬಗೆದು ನುಂಗುತ್ತದೆ. ಜೀರ್ಣಿಸುವ ಚೀಲಕ್ಕೆ ತಳ್ಳುತ್ತದೆ. ಕಣ ಕರಗುವುದಿಲ್ಲ, ಚೀಲವೇ ಒಡೆಯುತ್ತದೆ. ಆಗ ಕೋಶದೊಳಗೆ ಎನ್‌ಎಲ್‌ಆರ್‌ಪಿ3 ಎಂಬ ಪ್ರೋಟೀನು ಇತರ ಪ್ರೋಟೀನುಗಳನ್ನು ಕೂಡಿಸಿಕೊಂಡು ಒಂದು ಯಂತ್ರದಂತೆ ಜೋಡಣೆಗೊಳ್ಳುತ್ತದೆ. ಇಂತಹ ಜೋಡಣೆಗೆ 2002ರಲ್ಲಿ ಯುರ್ಗ್ ಚೋಪ್ ಅವರ ತಂಡ ‘ಇನ್‌ಫ್ಲಮೇಸೋಮ್’ ಎಂದು ಹೆಸರಿಟ್ಟಿತು. ಅದು ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸಂದೇಶವಸ್ತುವನ್ನು ಕತ್ತರಿಸಿ ಹರಿತಗೊಳಿಸಿ ಹೊರಗೆ ಬಿಡುತ್ತದೆ. ಕೊನೆಗೆ ಕೋಶ ಸಾಯುತ್ತದೆ, ಕಣ ಹಾಗೆಯೇ ಹೊರಬೀಳುತ್ತದೆ, ಅದನ್ನು ಮತ್ತೊಂದು ಮ್ಯಾಕ್ರೊಫೇಜ್ ನುಂಗುತ್ತದೆ. ಒಂದೇ ಕಣ ಹೀಗೆ ಕೋಶದ ಮೇಲೆ ಕೋಶವನ್ನು ಕೊಲ್ಲುತ್ತಾ ಹೋಗುತ್ತದೆ, ಸುತ್ತಲೂ ನಾರು ಬೆಳೆಯುತ್ತದೆ, ಗಣಿ ಬಿಟ್ಟು ಬಂದ ಎಷ್ಟೋ ವರ್ಷಗಳ ಮೇಲೂ ಉಸಿರು ಕಟ್ಟುತ್ತದೆ.

ಇದಕ್ಕೆ ನಾನು ಕೊಡುವ ಪದ ‘ಆರದ ಉರಿಯೂತ’. ‘ಆರು’ ಎಂಬ ಕ್ರಿಯಾಪದವನ್ನು ಬೆಂಕಿಗೂ ಬಳಸುತ್ತೇವೆ, ಗಾಯಕ್ಕೂ ಬಳಸುತ್ತೇವೆ. ದೀಪ ಆರಿತು, ಹುಣ್ಣು ಆರಿತು. ಇಂಗ್ಲಿಷಿನವರು ‘ರೆಸಲ್ಯೂಶನ್’ ಎಂದು ಯಾವುದನ್ನು ಕರೆಯುತ್ತಾರೋ ಅದಕ್ಕೆ ‘ಆರುವಿಕೆ’ ಎನ್ನಬಹುದು. ಹಳ್ಳಿಯ ರೋಗಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ಕನಲಿಕೆ’ ಚೆಲುವಾದ ಪದ, ಆದರೆ ಇಂದು ಕನಲುವುದೆಂದರೆ ಸಿಟ್ಟಿಗೇಳುವುದು. ಸೋಮವಾರ ಅಚ್ಚಾಗುವ ಹೊತ್ತಗೆಯಲ್ಲಿ ಅದನ್ನು ಬಳಸಿದರೆ ಅದರ ಅರ್ಥವನ್ನು ವಿವರಿಸಲು ಇನ್ನೊಂದು ಹೊತ್ತಗೆ ಬೇಕಾದೀತು. ‘ಜೀರ್ಣಶೋಥ’ವೂ ಬೇಡ. ಸುಶ್ರುತನ ಮೂರು ಅವಸ್ಥೆಗಳು ಕೀವುಗಟ್ಟುವ ಬಾವಿನ ಬೆಳವಣಿಗೆಯನ್ನು ಕುರಿತವು. ಅವುಗಳ ಸೂಕ್ಷ್ಮತೆಯನ್ನು ಗೌರವಿಸಿಯೇ ಹೇಳುತ್ತೇನೆ, ರಕ್ತನಾಳದ ಗೋಡೆಯ ಉರಿಯೂತಕ್ಕೆ ಅವು ಹೊಂದುವುದಿಲ್ಲ.

‘ಅಕ್ಯೂಟ್’ ಎಂಬುದಕ್ಕೆ ‘ಹಠಾತ್’ ಎಂದು ಬರೆಯಿರಿ. ‘ತೀವ್ರ’ ಎಂಬುದನ್ನು ‘ಸಿವಿಯರ್’ ಎಂಬುದಕ್ಕಷ್ಟೇ ಇಟ್ಟುಕೊಳ್ಳಿ.

ಇನ್ನು ಜೀನ್‌ಗಳ ವಿಚಾರ. ಅಲ್ಲಿನ ವೈದ್ಯರು ‘ಆನುವಂಶಿಕ’ ಎಂಬುದನ್ನು ಹೊಡೆದುಹಾಕಿದ್ದು ಸರಿಯಾಗಿದೆ, ಮತ್ತು ಇದು ಬರಿಯ ಪದದ ಅಚ್ಚುಕಟ್ಟಿನ ಪ್ರಶ್ನೆಯಲ್ಲ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಆರ್ಮೇನಿಯನ್ನರು, ತುರ್ಕರು, ಅರಬರು, ಯಹೂದಿಗಳಲ್ಲಿ ಮರುಕಳಿಸುವ ಒಂದು ಜ್ವರವಿದೆ. ಎರಡು ಮೂರು ದಿನ ಜ್ವರ, ಹೊಟ್ಟೆನೋವು, ಎದೆನೋವು, ಕೀಲುನೋವು ಬಂದು ತಾನಾಗಿ ಹೋಗುತ್ತದೆ, ಮತ್ತೆ ಬರುತ್ತದೆ. 16ನೆಯ ವರ್ಣತಂತುವಿನಲ್ಲಿರುವ ಅದರ ಜೀನ್ ಯಾವುದೆಂದು 1997ರಲ್ಲಿ ಎರಡು ಸಂಶೋಧಕರ ಕೂಟಗಳು ಬೇರೆ ಬೇರೆಯಾಗಿ ಕಂಡುಕೊಂಡವು. ಆ ಜೀನ್ ಮಾಡುವ ಪ್ರೋಟೀನಿಗೆ ಒಂದು ಕೂಟ ಗ್ರೀಕಿನ ಬೆಂಕಿಯಿಂದ ‘ಪೈರಿನ್’ ಎಂದಿತು. ಫ್ರಾನ್ಸಿನ ಕೂಟ, ರೋಮನರು ಆ ಸಮುದ್ರವನ್ನು ‘ನಮ್ಮ ಕಡಲು’ ಎಂದು ಕರೆಯುತ್ತಿದ್ದುದನ್ನು ನೆನೆದು ‘ಮಾರೆನೊಸ್ಟ್ರಿನ್’ ಎಂದಿತು. ಉಳಿದದ್ದು ಬೆಂಕಿಯ ಹೆಸರು. ಈ ಪೈರಿನ್ ಬ್ಯಾಕ್ಟೀರಿಯಾಗಳ ವಿಷವನ್ನು ಪತ್ತೆಹಚ್ಚುವ ಕಾವಲುಗಾರ. ಜೀನ್‌ನ ಒಂದಕ್ಷರ ಬದಲಾದರೂ ಸಾಕು, ವಿಷವಿಲ್ಲದಿದ್ದರೂ ಅದು ಕೂಗೆಬ್ಬಿಸುತ್ತದೆ, ಇಂಟರ್‌ಲ್ಯೂಕಿನ್-1 ಹರಿಯುತ್ತದೆ. ಪ್ಲೇಗಿನ ವಿರುದ್ಧ ಈ ಮಾರ್ಪಾಟು ರಕ್ಷಣೆ ಕೊಟ್ಟಿದ್ದರಿಂದಲೇ ಆ ಜನರಲ್ಲಿ ಉಳಿದುಬಂದಿರಬಹುದೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೂಚಿಸಿತು. ಚಿಕಿತ್ಸೆಗೆ 1970ರ ದಶಕದಿಂದ ಬಳಕೆಯಲ್ಲಿರುವ ಮದ್ದು ಕಾಲ್ಚಿಸಿನ್. ನಮ್ಮ ಬೇಲಿಗಳಲ್ಲಿ ಹಬ್ಬುವ ಅಗ್ನಿಶಿಖೆಯ ಗಿಡದಲ್ಲಿಯೂ ಆ ವಸ್ತುವಿದೆ. ಗಿಡವಾಗಿ ಅದು ಕಡು ವಿಷ, ಮನೆಮದ್ದಾಗಿ ಯಾರೂ ಮುಟ್ಟಬಾರದು.

‘ಆಟೊಇನ್‌ಫ್ಲಮೇಟರಿ’ ಎಂಬ ಪದ 1999ರಲ್ಲಿ, ಟಿಎನ್‌ಎಫ್ ಎಂಬ ಉರಿಯೂತದ ಸಂದೇಶವಸ್ತುವನ್ನು ಹಿಡಿಯುವ ಗ್ರಾಹಕದ ಜೀನ್‌ನಲ್ಲಿ ದೋಷವಿರುವ ಇಂತಹುದೇ ಇನ್ನೊಂದು ಜ್ವರವನ್ನು ವಿವರಿಸುವಾಗ ಹುಟ್ಟಿತು. ಇಲ್ಲಿ ಭಾಷೆಯವರು ಗಮನಿಸಬೇಕಾದ ಸಂಗತಿಯೊಂದಿದೆ. ‘ಆಟೊಇಮ್ಯೂನ್’ ಎನ್ನುವಲ್ಲಿ ‘ಆಟೊ’ ಎಂದರೆ ತನ್ನ ಮೇಲೆಯೇ: ಕಲಿತು ಗುರಿಯಿಡುವ ರೋಗನಿರೋಧಕ ಕಣಗಳು ಸ್ವಂತ ಅಂಗವನ್ನೇ ಶತ್ರುವೆಂದು ಗುರಿಯಿಡುತ್ತವೆ, ರುಮಟಾಯ್ಡ್ ಸಂಧಿವಾತದಲ್ಲಿ ಆಗುವಂತೆ. ‘ಆಟೊಇನ್‌ಫ್ಲಮೇಟರಿ’ ಎನ್ನುವಲ್ಲಿ ಅದೇ ‘ಆಟೊ’ ಎಂದರೆ ತಾನಾಗಿಯೇ: ಗುರಿಯೇ ಇಲ್ಲದೆ, ಹುಟ್ಟಿನಿಂದ ಬಂದ ಕಾವಲುವ್ಯವಸ್ಥೆ ಎದ್ದುಬಿಡುತ್ತದೆ. ಎರಡಕ್ಕೂ ‘ಸ್ವಯಂ’ ಹಚ್ಚಿದರೆ ಭೇದ ಅಳಿಸಿಹೋಗುತ್ತದೆ. ಮೊದಲನೆಯದಕ್ಕೆ ‘ಸ್ವಪ್ರತಿರೋಧ ರೋಗ’ ಎಂದೂ ಎರಡನೆಯದಕ್ಕೆ ‘ತಾನಾಗಿ ಹೊತ್ತುವ ಉರಿಯೂತ’ ಎಂದೂ ಬರೆಯಬಹುದು.

ಇವು ಒಂದೇ ಜೀನ್‌ನ ರೋಗಗಳು. ನಿಮ್ಮ ಹೊತ್ತಗೆಯನ್ನು ಓದುವವರಲ್ಲಿ ಹೆಚ್ಚಿನವರ ಸ್ಥಿತಿ ಬೇರೆ. ಬೆನ್ನೆಲುಬು ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ಗೂ ಎಚ್‌ಎಲ್‌ಎ-ಬಿ27 ಎಂಬ ಜೀನ್‌ಗೂ ಇರುವ ನಂಟು 1973ರಲ್ಲಿ ತಿಳಿಯಿತು. ರೋಗಿಗಳಲ್ಲಿ ಬಹುಮಂದಿಗೆ ಆ ಜೀನ್ ಇರುತ್ತದೆ. ಆದರೆ ಆ ಜೀನ್ ಇರುವವರಲ್ಲಿ ಬಹುಮಂದಿಗೆ ಆ ರೋಗ ಬರುವುದೇ ಇಲ್ಲ. ‘ಆನುವಂಶಿಕ ರೋಗ’ ಎಂದು ಅಚ್ಚು ಹಾಕಿದರೆ ಮಗಳ ಮದುವೆಯ ಮಾತುಕತೆಯೇ ನಿಂತುಹೋಗುವ ಮನೆಗಳಿವೆ. ಕರುಳಿನ ಕ್ರೋನ್ಸ್ ಕಾಯಿಲೆಗೆ 2001ರಲ್ಲಿ ಸಿಕ್ಕ ಎನ್‌ಒಡಿ2 ಜೀನ್‌ನ ಮಾರ್ಪಾಟುಗಳು ಯುರೋಪಿನವರಲ್ಲಿ ಸಾಮಾನ್ಯ, ಭಾರತೀಯರಲ್ಲಿ ಬಹಳ ವಿರಳ. ಹಾಗಿದ್ದೂ ಕಾಯಿಲೆ ಇಲ್ಲಿಯೂ ಇದೆ. 2020ರಲ್ಲಿ ಗುರುತಿಸಿದ ವೆಕ್ಸಾಸ್ ಎಂಬ ರೋಗವಂತೂ ‘ಆನುವಂಶಿಕ’ ಎಂಬ ಪದವನ್ನು ಪೂರ್ತಿಯಾಗಿ ತಳ್ಳಿಹಾಕುತ್ತದೆ. ಐವತ್ತು ದಾಟಿದ ಗಂಡಸರಲ್ಲೇ ಹೆಚ್ಚಾಗಿ ಕಾಣುವ ಅದಕ್ಕೆ ಯುಬಿಎ1 ಎಂಬ ಜೀನ್‌ನ ದೋಷ ಕಾರಣ; ಆದರೆ ಆ ದೋಷ ಹುಟ್ಟುವುದು ನಡುವಯಸ್ಸು ಕಳೆದ ಮೇಲೆ, ಅಸ್ಥಿಮಜ್ಜೆಯ ರಕ್ತಕೋಶಗಳಲ್ಲಿ. ಅಪ್ಪನಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ಜೀನ್‌ನ ರೋಗ ಹೌದು, ವಂಶದ ರೋಗ ಅಲ್ಲ. ‘ಜೀನ್’ ಎಂಬುದಕ್ಕೆ ರೂಢಿಯಲ್ಲಿರುವ ‘ವಂಶವಾಹಿ’ಗೂ ‘ಪೀಳಿ’ಗೂ ಇದೇ ತೊಡಕು, ಎರಡರ ಹೊಟ್ಟೆಯಲ್ಲಿಯೂ ವಂಶವಿದೆ. ‘ಜೀನ್’ ಎಂದು ಬರೆದು, ‘ಜೀನ್‌ನಲ್ಲಿನ ಬದಲಾವಣೆಯಿಂದ ಬರುವ’ ಎಂದೂ, ನಿಜವಾಗಿ ವಂಶದಲ್ಲಿ ಇಳಿದುಬರುವುದಕ್ಕೆ ಮಾತ್ರ ‘ಆನುವಂಶಿಕ’ ಎಂದೂ ಬಳಸಬೇಕು.

ಕೊನೆಯದಾಗಿ ಒಂದು ವಿನಂತಿ. ಉರಿಯೂತವನ್ನು ಹೊತ್ತಗೆಯಲ್ಲಿ ಬರಿಯ ಶತ್ರುವೆಂದು ಬಣ್ಣಿಸಬೇಡಿರಿ, ‘ಸೋಂಕು’ ಎಂಬುದರೊಡನೆ ಬೆರೆಸಲೂ ಬೇಡಿರಿ. ಸೋಂಕು ಹೊರಗಿನಿಂದ ಬಂದದ್ದು, ಉರಿಯೂತ ದೇಹದ ಮರುನಡೆ. ಎರಡನ್ನೂ ಒಂದೆಂದು ತಿಳಿದವರು ಆಂಟಿಬಯಾಟಿಕ್ ಕೊಡಿ ಎಂದು ಪಟ್ಟು ಹಿಡಿಯುತ್ತಾರೆ. ಕ್ಷಯದ ಕ್ರಿಮಿಯನ್ನು ಶ್ವಾಸಕೋಶದಲ್ಲಿ ಗಂಟುಕಟ್ಟಿ ಕೂಡಿಹಾಕಿರುವುದೂ ಆರದ ಉರಿಯೂತವೇ. ಟಿಎನ್‌ಎಫ್ ಎಂಬ ಸಂದೇಶವಸ್ತುವನ್ನು ತಡೆಯುವ ಚುಚ್ಚುಮದ್ದುಗಳು ಸಂಧಿವಾತಕ್ಕೆ ಬಂದಾಗ, ಆ ಗಂಟುಗಳು ಸಡಿಲಗೊಂಡು ಅಡಗಿದ್ದ ಕ್ಷಯ ಹೊರಬರುವುದು 2001ರಲ್ಲಿ ವರದಿಯಾಯಿತು. ಕ್ಷಯ ಇಷ್ಟು ಹರಡಿರುವ ನಮ್ಮ ದೇಶದಲ್ಲಿ ಆ ಮದ್ದು ಕೊಡುವ ಮುನ್ನ ಕ್ಷಯದ ತಪಾಸಣೆ ಕಡ್ಡಾಯವಾಗಿ ಆಗಬೇಕು. 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಪ್ರಯೋಗದಲ್ಲಿ, ಒಮ್ಮೆ ಹೃದಯಾಘಾತವಾಗಿದ್ದ 10,061 ಮಂದಿಯಲ್ಲಿ ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಮದ್ದನ್ನು ಪರೀಕ್ಷಿಸಿದರು. 150 ಮಿಲಿಗ್ರಾಂ ಪ್ರಮಾಣದಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದವು 15 ಶೇಕಡಾ ಕಡಿಮೆಯಾದವು, ಕೊಲೆಸ್ಟರಾಲ್ ಇಳಿಯದೆಯೇ. ರಕ್ತನಾಳದ ಗೋಡೆಯ ಕಾಣದ ಉರಿಯೂತ ನಿಜವೆಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಅದೇ ಪ್ರಯೋಗದಲ್ಲಿ, ಮದ್ದು ಪಡೆದವರಲ್ಲಿ ಸೋಂಕಿನಿಂದ ಸತ್ತವರು ಹೆಚ್ಚಿದ್ದರು.

ಉತ್ತರ 5

ನಾನು ‘ಕನಲಿಕೆ’ಯನ್ನು ಬಿಟ್ಟುಕೊಟ್ಟಿಲ್ಲ, ಆದರೆ ‘ಆರು’ ಎಂಬುದನ್ನು ಮನಸಾರೆ ಒಪ್ಪುತ್ತೇನೆ. ಒಂದು ವ್ಯಾಕರಣದ ಆಕ್ಷೇಪವಿದೆ. ‘ಆರದ’ ಎಂಬ ನಿಷೇಧರೂಪ ಎಂದೆಂದಿಗೂ ಆರುವುದಿಲ್ಲ ಎಂಬ ಅರ್ಥವನ್ನೂ ಕೊಡುತ್ತದೆ. ‘ಬತ್ತದ ತೊರೆ’, ‘ಮಾಸದ ನೆನಪು’ ಎಂಬಲ್ಲಿ ಇರುವಂತೆ. ಮದ್ದಿನಿಂದ ಹತೋಟಿಗೆ ಬರುವ ರೋಗಕ್ಕೆ ಈ ರೂಪ ಹೆದರಿಕೆ ಹುಟ್ಟಿಸುತ್ತದೆ. ‘ಆರದೆ ಉಳಿದ ಉರಿಯೂತ’ ಎಂದರೆ ಇಂದಿನವರೆಗಿನ ಸ್ಥಿತಿಯಷ್ಟೇ ಬರುತ್ತದೆ, ಮುಂದೆ ಆರುವುದಕ್ಕೆ ಎಡೆ ಇರುತ್ತದೆ.

‘ಜೀನ್’ ವಿಚಾರದಲ್ಲಿ ನಾಲ್ಕನೆಯ ಉತ್ತರದವರ ವಾದ ನಿಲ್ಲುವುದಿಲ್ಲ. 1909ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಯೊಹಾನ್ಸೆನ್ ಆ ಪದವನ್ನು ಕಟ್ಟಿದಾಗ ಹಿಂದಿದ್ದ ಗ್ರೀಕ್ ಬೇರು ಹುಟ್ಟು, ಕುಲ ಎಂಬುದನ್ನೇ ಹೇಳುತ್ತದೆ. ‘ಪೀಳಿ’ಯ ಹೊಟ್ಟೆಯಲ್ಲಿ ವಂಶವಿದ್ದರೆ ತಪ್ಪು, ‘ಜೀನ್’ ಹೊಟ್ಟೆಯಲ್ಲಿದ್ದರೆ ಸರಿಯೆಂಬುದು ಯಾವ ನ್ಯಾಯ? ಎರವಲನ್ನು ಸಮರ್ಥಿಸಲು ವಿಜ್ಞಾನವನ್ನು ಮುಂದೆ ಮಾಡುವುದನ್ನು ಒಪ್ಪಲಾರೆ.

ಉತ್ತರ 6

ನ್ಯಾಯ ಸರಳವಾಗಿದೆ. ಗ್ರೀಕ್ ಬೇರು ಕನ್ನಡದ ಓದುಗನ ಕಿವಿಗೆ ಬೀಳುವುದಿಲ್ಲ, ‘ವಂಶ’ವೂ ‘ಪೀಳಿಗೆ’ಯೂ ಬೀಳುತ್ತವೆ. ಎರವಲು ಪದದ ಉಪಯೋಗವೇ ಅದು: ಹಳೆಯ ಅರ್ಥದ ಹೊರೆಯಿಲ್ಲದೆ ಬರುತ್ತದೆ. ಆಸ್ಪತ್ರೆ, ದವಾಖಾನೆ, ಡಾಕ್ಟರು, ಔಷಧ, ಜ್ವರ ಇವುಗಳಲ್ಲಿ ಯಾವುದನ್ನು ಹೊರಗೆ ಹಾಕುತ್ತೀರಿ? ಎಲ್ಲವೂ ಎಲ್ಲಿಂದಲೋ ಬಂದು ಕನ್ನಡದ ವಿಭಕ್ತಿ ಹಚ್ಚಿಕೊಂಡವು. ‘ಜೀನ್‌ನಲ್ಲಿ’, ‘ಜೀನ್‌ಗೆ’ ಎಂದು ಬರೆಯಲು ಬರುತ್ತದೆ, ಅಷ್ಟು ಸಾಕು.

‘ಆರದೆ ಉಳಿದ’ ಎಂಬುದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಮೊದಲ ಬಾರಿ ಬರುವಲ್ಲಿ ‘ದೀರ್ಘಕಾಲಿಕ ಉರಿಯೂತ’ ಎಂಬುದನ್ನೂ ಜೊತೆಗೆ ಕೊಡಲೇಬೇಕು. ರೋಗಿ ಅದನ್ನು ಪತ್ರಿಕೆಯಲ್ಲಿ ಓದಿರುತ್ತಾನೆ.

ಉತ್ತರ 7

ಜೀನ್ ವಿಚಾರದಲ್ಲಿ ನನ್ನ ಮಾತು ಮುಗಿದಿದೆ. ‘ಜೀರ್ಣಶೋಥ’ದಂತಹ ಶಾಸ್ತ್ರದ ಪದ ಬೇಡವೆಂದ ನಾಲ್ಕನೆಯ ಉತ್ತರದವರೇ ‘ಹಠಾತ್’, ‘ಸ್ವಪ್ರತಿರೋಧ’, ‘ಆನುವಂಶಿಕ’ ಎಂಬ ಸಂಸ್ಕೃತ ಪದಗಳನ್ನು ಬಳಸಿದ್ದಾರೆ ಎಂಬುದನ್ನು ಮಾತ್ರ ದಾಖಲಿಸುತ್ತೇನೆ.

ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ವಿಭಾಗದ ವೈದ್ಯರೊಡನೆ ಕುಳಿತು ಹೀಗೆ ನಿರ್ಧರಿಸಿದ್ದೇವೆ. ಫಲಕದಲ್ಲಿ ‘ಕೀಲುನೋವು ಮತ್ತು ಉರಿಯೂತ ವಿಭಾಗ’ ಎಂದಷ್ಟೇ ಇರುತ್ತದೆ. ಹೊತ್ತಗೆಯ ಮೊದಲ ಪುಟದ ಪಾಠ ಇದು:

“ಗಾಯವಾದಾಗ, ಸೋಂಕು ತಗುಲಿದಾಗ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ. ಇದು ದೇಹವು ತನ್ನನ್ನು ಕಾಪಾಡಿಕೊಳ್ಳುವ ರೀತಿ. ಇದಕ್ಕೆ ಹಠಾತ್ ಉರಿಯೂತ ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಇದನ್ನು ದೇಹವೇ ಆರಿಸುತ್ತದೆ. ಕೆಲವರಲ್ಲಿ ಅದು ಆರದೆ ಉಳಿಯುತ್ತದೆ. ಆರದೆ ಉಳಿದ ಉರಿಯೂತವು (ದೀರ್ಘಕಾಲಿಕ ಉರಿಯೂತ) ಹೊರಗೆ ಊತವಾಗಲಿ ಉರಿಯಾಗಲಿ ಕಾಣದಿದ್ದರೂ ಒಳಗೆ ಕೀಲುಗಳನ್ನು ಹಾಳುಮಾಡಬಲ್ಲದು. ಇದಕ್ಕೆ ಕೆಲವು ಜೀನ್‌ಗಳ ನಂಟಿದೆ. ಆ ಜೀನ್ ಇದ್ದವರಿಗೆಲ್ಲ ರೋಗ ಬರುವುದಿಲ್ಲ. ನಿಮ್ಮ ಮಕ್ಕಳಿಗೆ ಬರಲೇಬೇಕೆಂದೇನೂ ಇಲ್ಲ.”

ಒಂದು ಪದ ಉಳಿದಿದೆ. ಹತೋಟಿಯಲ್ಲಿದ್ದ ರೋಗ ಇದ್ದಕ್ಕಿದ್ದಂತೆ ಹೆಚ್ಚುವುದಕ್ಕೆ ಮೂಲದಲ್ಲಿ ‘ಫ್ಲೇರ್’ ಎಂದಿದೆ. ‘ಉಲ್ಬಣ’ ಎಂದರೆ ಸಾವಿನ ಸಮೀಪದ ಸ್ಥಿತಿಯೆಂದು ಜನ ತಿಳಿಯುತ್ತಾರೆಂಬುದು ವೈದ್ಯರ ಅನುಭವ. ಹುಣ್ಣು ಕೆರಳಿತು ಎನ್ನುವ ಮಾತಿನ ಜಾಡಿನಲ್ಲಿ ‘ರೋಗ ಕೆರಳುವುದು’ ಎಂದು ಹಾಕಿದ್ದೇನೆ. ಇದಕ್ಕೆ ಆಕ್ಷೇಪವಿದ್ದವರು ಭಾನುವಾರ ಸಂಜೆಯೊಳಗೆ ಬರೆಯಬೇಕೆಂದು ಕೋರುತ್ತೇನೆ.